ಬಾಣಂತನದ ನಂತರ ಮನೆಗೆಲಸ, ದುಡಿಮೆ ಹಂಚಿಕೊಳ್ಳುವ ಬಗೆ

ಚೊಚ್ಚಲ ಹೆರಿಗೆಯಾದ ಹೆಣ್ಣುಮಗಳು ಮೂರರಿಂದ ಐದು ತಿಂಗಳು ತವರಿನಲ್ಲಿ ಬಾಣಂತನ ಮಾಡಿಸಿಕೊಳ್ಳುವುದು ನಮ್ಮ ಅನೇಕ ಮನೆಗಳ ವಾಡಿಕೆ. ಆ ಅವಧಿಯಲ್ಲಿ ಎಣ್ಣೆ ಹಚ್ಚಿ ನೀರು ಹಾಕುವುದು, ಒಳಲೆಯಲ್ಲಿ ಹಾಲು ಕುಡಿಸುವುದು, ಹಸಿವಿನ ಅಳು ಯಾವುದು ನಿದ್ದೆಯ ಅಳು ಯಾವುದು ಎಂದು ಗುರುತಿಸುವುದು ತಾಯಿಗೆ ರೂಢಿಯಾಗುತ್ತದೆ. ಭಾನುವಾರಕ್ಕೆ ಬಂದು ಹೋಗುವ ತಂದೆ ನೆಂಟನಾಗಿಯೇ ಉಳಿಯುತ್ತಾನೆ. ಮುಂದೆ ವರ್ಷಗಟ್ಟಲೆ ನಡೆಯುವ ಅಸಮ ಹಂಚಿಕೆ ಬೇರೂರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಯಾರು ಏನು ಮಾಡಬೇಕೆಂಬ ಮಾತುಕತೆ ಗಂಡ ಹೆಂಡತಿಯ ನಡುವೆ ಸೀಮಂತದ ಹೊತ್ತಿಗೇ ಆಗಬೇಕು.

ಮೊದಲು ರಜೆಯನ್ನು ಗೊತ್ತುಮಾಡಿಕೊಳ್ಳಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಅರ್ಹ ಮಹಿಳಾ ಉದ್ಯೋಗಿಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ ದೊರೆಯುತ್ತದೆ. ಅದರಲ್ಲಿ ಹೆಚ್ಚೆಂದರೆ 8 ವಾರಗಳನ್ನು ಹೆರಿಗೆಗೆ ಮುಂಚೆ ಬಳಸಬಹುದು. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ 15 ದಿನಗಳ ಪಿತೃತ್ವ ರಜೆಯಿದ್ದು, ಅದನ್ನು ಹೆರಿಗೆಯಾದ 6 ತಿಂಗಳೊಳಗೆ ಪಡೆಯಬಹುದು. ಖಾಸಗಿ ವಲಯದಲ್ಲಿ ಇದು ಕಂಪನಿಯ ನಿಯಮಕ್ಕೆ ಬಿಟ್ಟ ವಿಷಯ. ಸಾಧ್ಯವಿದ್ದರೆ ಹೆರಿಗೆಯ ದಿನಗಳಿಗೆ ಗಳಿಕೆ ರಜೆ ಹಾಕಿ, ಪಿತೃತ್ವ ರಜೆಯನ್ನು ತಾಯಿ ಮಗು ತವರಿನಿಂದ ಮರಳುವ ವಾರಕ್ಕೆ ಉಳಿಸಿಕೊಳ್ಳುವುದು ಜಾಣತನ. ಆಗ ಅಜ್ಜಿಯ ನೆರವು ಇರುವುದಿಲ್ಲ, ತಂದೆ ಕಲಿಯಲೇಬೇಕಾಗುತ್ತದೆ.

ಹಂಚುವಾಗ ಬಿಡಿ ಕೆಲಸವನ್ನಲ್ಲ, ಇಡೀ ಹೊಣೆಯನ್ನು ವಹಿಸಿಕೊಡಿ. ರಾಗಿ ಸರಿಯನ್ನೇ ನೋಡಿ. ಮಗುವಿಗೆ ಅದನ್ನು ತಿನ್ನಿಸಿದ ಗಂಡ ತಾನೂ ಮಾಡಿದೆನೆಂದು ಭಾವಿಸುತ್ತಾನೆ. ಆದರೆ ಅದಕ್ಕೆ ಮೊದಲು ರಾಗಿಯನ್ನು ಆರಿಸಿ ತೊಳೆದು, ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಪುಡಿ ಮಾಡಿಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದವರು ಯಾರು, ಡಬ್ಬಿ ಖಾಲಿಯಾಗುವ ಮುನ್ನ ಮತ್ತೆ ರಾಗಿ ನೆನೆಹಾಕಬೇಕೆಂದು ನೆನಪಿಟ್ಟುಕೊಂಡವರು ಯಾರು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ರಾಗಿ ಸರಿ ಗಂಡನ ಪಾಲಿಗೆ ಬಂದರೆ ರಾಗಿ ಕೊಳ್ಳುವುದರಿಂದ ಬಟ್ಟಲು ತೊಳೆಯುವವರೆಗೆ ಅವನದೇ ಆಗಿರಲಿ. ಲಸಿಕೆಯೂ ಹೀಗೆಯೇ: 6, 10, 14ನೇ ವಾರ ಮತ್ತು 9ನೇ ತಿಂಗಳ ದಿನಾಂಕಗಳನ್ನು ನೆನಪಿಟ್ಟು, ‘ತಾಯಿ ಕಾರ್ಡ್’ (ತಾಯಿ ಮಗುವಿನ ಆರೋಗ್ಯ ದಾಖಲೆ) ಹಿಡಿದು ಮಗುವನ್ನು ಕರೆದೊಯ್ಯುವುದರ ಜೊತೆಗೆ ಆ ರಾತ್ರಿಯ ಜ್ವರವನ್ನು ನೋಡಿಕೊಳ್ಳುವುದೂ ಅದೇ ಹೊಣೆಗೆ ಸೇರಿದೆ.

‘ನಮ್ಮಲ್ಲಿ ಸಮಪಾಲು’ ಎನ್ನುವವರು ಒಂದು ವಾರ ನಿಮಿಷಗಳನ್ನು ಬರೆದಿಡುವುದು ಒಳ್ಳೆಯದು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸಿದರೆ ಪುರುಷರು 88 ನಿಮಿಷ ವ್ಯಯಿಸುತ್ತಾರೆ.

ಗಂಡ ಕಟ್ಟಿದ ಲಂಗೋಟಿ ಸಡಿಲವಾಗಿದ್ದರೂ ಹೆಂಡತಿ ಬಿಚ್ಚಿ ಮತ್ತೆ ಕಟ್ಟಬಾರದು. ‘ಗಂಡಸಿನ ಕೈಲಿ ಇದೆಲ್ಲ ಯಾಕೆ’ ಎಂದು ಅತ್ತೆ ಮುಂದೆ ಬಂದರೆ ಉತ್ತರ ಕೊಡಬೇಕಾದವನು ಮಗ, ಸೊಸೆಯಲ್ಲ.

ದುಡಿಮೆಯ ವಿಷಯದಲ್ಲಿ ದೊಡ್ಡ ತಪ್ಪು ನಡೆಯುವುದು ಲೆಕ್ಕಾಚಾರದಲ್ಲಿ. ಶಿಶುವಿಹಾರದ ಶುಲ್ಕವನ್ನೂ ಆಯಾಳ ಸಂಬಳವನ್ನೂ ಹೆಂಡತಿಯ ಸಂಬಳದಿಂದಷ್ಟೇ ಕಳೆದು, ‘ಉಳಿಯುವುದು ಇಷ್ಟೇ ಆದರೆ ಕೆಲಸಕ್ಕೆ ಯಾಕೆ ಹೋಗಬೇಕು’ ಎನ್ನುತ್ತಾರೆ. ಮಗು ಇಬ್ಬರದೂ ಆದ್ದರಿಂದ ಖರ್ಚನ್ನು ಒಟ್ಟು ಆದಾಯದಿಂದ ಕಳೆಯಬೇಕು. ಅವಳ ಮುಂದಿನ ಬಡ್ತಿ, ಭವಿಷ್ಯನಿಧಿಗಳೂ ಲೆಕ್ಕದಲ್ಲಿರಬೇಕು. ಮಗುವಿಗೆ ಹುಷಾರಿಲ್ಲದ ದಿನ ಯಾರು ರಜೆ ಹಾಕಬೇಕೆಂಬುದನ್ನು ಸರದಿಯಂತೆ ಮೊದಲೇ ನಿಶ್ಚಯಿಸಿಕೊಳ್ಳಿ. ಶಿಶುವಿಹಾರದ ಅರ್ಜಿಯಲ್ಲಿ ಮೊದಲ ಫೋನ್ ನಂಬರು ತಂದೆಯದಿರಲಿ, ಏಕೆಂದರೆ ಕರೆ ಹೋಗುವುದು ಮೊದಲು ಅದಕ್ಕೇ.