ಸರಾಸರಿ ಮಳೆಯನ್ನು ನೆಚ್ಚಿ ಕೆಡಬೇಡಿ: ಒಣನಾಡಿನ ಹವಾಮಾನ ಅರಿಯುವ ಕ್ರಮ

ಒಣ ಪ್ರದೇಶದಲ್ಲಿ ಗಿಡ ನೆಡಲು, ನೀರಿನ ತೊಟ್ಟಿ ಕಟ್ಟಲು ಅಥವಾ ನಾಲ್ಕಾರು ವರ್ಷ ನೆಲೆಸಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಇಲ್ಲಿ ವರ್ಷಕ್ಕೆ ಮಳೆ ಎಷ್ಟು? ಉತ್ತರ ಸಿಕ್ಕ ಕೂಡಲೇ ಅದನ್ನು ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ ಇಷ್ಟು ಎಂದು ಲೆಕ್ಕ ಹಾಕಿ, ಅದೇ ಲೆಕ್ಕದ ಮೇಲೆ ತೊಟ್ಟಿಯ ಅಳತೆ ನಿರ್ಧರಿಸಿ ಸಸಿ ತರಿಸುತ್ತಾರೆ. ಎರಡನೇ ವರ್ಷಕ್ಕೆ ತೊಟ್ಟಿ ಬರಿದಾಗಿರುತ್ತದೆ, ಸಸಿ ಒಣಗಿರುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಕೆಡುವವರೂ ಇದ್ದಾರೆ. ಮಳೆಯೇ ಬಾರದ ಜಾಗವೆಂದು ಒಣಹಳ್ಳದ ಪಾತ್ರದಲ್ಲೇ ಗೋಡೆ ಎಬ್ಬಿಸುತ್ತಾರೆ, ಅದು ಒಂದೇ ರಾತ್ರಿಯಲ್ಲಿ ಕೊಚ್ಚಿಹೋಗುತ್ತದೆ. ಎರಡೂ ತಪ್ಪಿನ ಬೇರು ಒಂದೇ. ಒಣನಾಡಿನ ಹವೆ ಒಂದು ಸಂಖ್ಯೆಯ ಹಿಡಿತಕ್ಕೆ ಸಿಗುವುದಿಲ್ಲ. ಅದನ್ನು ಅರಿಯಲು ದುಬಾರಿ ಉಪಕರಣ ಬೇಡ. ಹಳೆಯ ಮಳೆ ದಾಖಲೆ, ಒಂದು ನೋಟ್‌ಪುಸ್ತಕ ಮತ್ತು ಕ್ರಮ ತಪ್ಪದ ತಾಳ್ಮೆ ಸಾಕು.

ಹಂತ 1: ಒಣಗಿರುವುದೇಕೆ ಎಂದು ತಿಳಿಯಿರಿ

ಎಲ್ಲ ಮರುಭೂಮಿಗಳೂ ಒಂದೇ ಕಾರಣಕ್ಕೆ ಒಣಗಿಲ್ಲ. ಸಮಭಾಜಕದ ಬಳಿ ಮೇಲೇರಿ ಮಳೆ ಸುರಿಸಿದ ಗಾಳಿ ಸುಮಾರು 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಕೆಳಗಿಳಿಯುತ್ತದೆ; ಇಳಿಯುತ್ತಾ ಬಿಸಿಯಾಗುವುದರಿಂದ ಅಲ್ಲಿ ಮೋಡ ಕಟ್ಟುವುದಿಲ್ಲ. ಸಹಾರಾ ಮತ್ತು ಅರೇಬಿಯಾ ಈ ಪಟ್ಟಿಯಲ್ಲಿವೆ. ಲಡಾಖ್ ಮತ್ತು ಪೆಟಗೋನಿಯಾ ಪರ್ವತದ ಮಳೆ ನೆರಳಿನಲ್ಲಿವೆ. ಗೋಬಿ, ತಕ್ಲಮಕಾನ್ ಸಮುದ್ರದಿಂದ ಬಹಳ ದೂರ. ದಕ್ಷಿಣ ಅಮೆರಿಕದ ಅಟಕಾಮಾ ಮತ್ತು ಆಫ್ರಿಕಾದ ನಮೀಬ್ ಕಡಲ ದಡದಲ್ಲೇ ಇದ್ದರೂ, ಪಕ್ಕದಲ್ಲಿ ಹರಿಯುವ ತಣ್ಣನೆಯ ಪ್ರವಾಹದಿಂದಾಗಿ ಕೆಳಗಿನ ಗಾಳಿ ಮೇಲೇಳುವುದಿಲ್ಲ. ಮಂಜು ಕವಿಯುತ್ತದೆ, ಮಳೆ ಹನಿಯುವುದಿಲ್ಲ.

ಇದು ಶಾಲಾ ಪಾಠವೆಂದು ದಾಟಿ ಹೋಗಬೇಡಿ. ನೀರು ಯಾವ ದಿಕ್ಕಿನಿಂದ, ಯಾವ ರೂಪದಲ್ಲಿ ಬರಬಹುದು ಎಂಬುದನ್ನು ಹೇಳುವುದು ಈ ಕಾರಣವೇ. ನಮೀಬ್‌ನ ಕರಾವಳಿಯಲ್ಲಿ ಮಳೆಮಾಪಕ ಮಾತ್ರ ಇಟ್ಟುಕೊಂಡು ಕುಳಿತವರು ಅಲ್ಲಿನ ಜೀವಿಗಳಿಗೆ ನೀರು ಕೊಡುವ ಮಂಜನ್ನು ಲೆಕ್ಕಕ್ಕೇ ತಂದಿರುವುದಿಲ್ಲ.

ಹಂತ 2: ಮಳೆಯ ಕಾಲ ಗುರುತಿಸಿ, ವರ್ಷವನ್ನು ಅಲ್ಲಿಂದ ಎಣಿಸಿ

ಥಾರ್ ಮರುಭೂಮಿಗೆ ಮಳೆ ಬೇಸಿಗೆಯ ಮುಂಗಾರಿನಲ್ಲಿ ಬರುತ್ತದೆ. ಮುಂಗಾರು ತಡವಾಗಿ ತಲುಪುವುದೂ ಬೇಗ ಬಿಟ್ಟುಹೋಗುವುದೂ ಅಲ್ಲಿಯೇ. ಭಾರತೀಯ ಹವಾಮಾನ ಇಲಾಖೆ 2020ರಲ್ಲಿ ಪರಿಷ್ಕರಿಸಿದ ಲೆಕ್ಕದಂತೆ ಮುಂಗಾರು ದೇಶವನ್ನು ಪೂರ್ತಿ ಆವರಿಸುವ ವಾಡಿಕೆಯ ದಿನ ಜುಲೈ 8. ವಾಯವ್ಯ ರಾಜಸ್ಥಾನದಿಂದ ಹಿಂತೆಗೆತ ಆರಂಭವಾಗುವುದು ಸೆಪ್ಟೆಂಬರ್ 17. ಸಹಾರಾದ ಉತ್ತರ ಅಂಚಿಗೆ ಮಳೆ ಬರುವುದು ಚಳಿಗಾಲದಲ್ಲಿ. ಉತ್ತರ ಅಮೆರಿಕದ ಸೊನೊರಾ ಮರುಭೂಮಿಗೆ ಬೇಸಿಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ, ಹೀಗೆ ಎರಡು ಮಳೆಗಾಲ.

ಚಳಿಗಾಲದ ಮಳೆಯ ನಾಡಿನಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ವರ್ಷ ಎಣಿಸಿದರೆ ಒಂದೇ ಮಳೆಗಾಲ ಎರಡು ತುಂಡಾಗಿ ಎರಡು ವರ್ಷಗಳ ಖಾತೆಗೆ ಸೇರುತ್ತದೆ. ಆಗ ಕೆಟ್ಟ ವರ್ಷವೂ ಒಳ್ಳೆಯ ವರ್ಷವೂ ಬೆರೆತು ಎಲ್ಲವೂ ಸಾಧಾರಣವಾಗಿ ಕಾಣುತ್ತದೆ. ಅಮೆರಿಕದಲ್ಲಿ ಜಲವರ್ಷವನ್ನು ಅಕ್ಟೋಬರ್ 1ರಿಂದ ಎಣಿಸುವುದು ಹೀಗೆ ತುಂಡಾಗದಿರಲಿ ಎಂದು. ನಿಮ್ಮ ಪ್ರದೇಶದಲ್ಲಿ ಅತಿ ಒಣಗಿದ ತಿಂಗಳು ಮುಗಿದ ಮರುದಿನದಿಂದ ವರ್ಷ ಆರಂಭಿಸಿ.

ಹಂತ 3: ಮಳೆ ದಾಖಲೆಯನ್ನು ಬಿಡಿಸಿ ಓದಿ

ಹೆಚ್ಚಿನವರು ಎಡವುವುದು ಇಲ್ಲೇ. ಕನಿಷ್ಠ ಮೂವತ್ತು ವರ್ಷಗಳ ದಾಖಲೆ ತರಿಸಿಕೊಳ್ಳಿ. ವಿಶ್ವ ಹವಾಮಾನ ಸಂಸ್ಥೆ ವಾಡಿಕೆಯ ಅಂಕಿಗಳಿಗೆ ಬಳಸುವ ಅವಧಿಯೂ ಮೂವತ್ತು ವರ್ಷ. ಈಗ ಚಾಲ್ತಿಯಲ್ಲಿರುವುದು 1991–2020. ಸಾಧ್ಯವಾದರೆ ದಿನವಾರು ದಾಖಲೆಯನ್ನೇ ಕೇಳಿ. ತಿಂಗಳವಾರು ಮೊತ್ತದಲ್ಲಿ ಬಹಳಷ್ಟು ಸಂಗತಿ ಮುಚ್ಚಿಹೋಗಿರುತ್ತದೆ.

ಕಡತ ಕೈಗೆ ಬಂದ ಕೂಡಲೇ ಪಟ್ಟಿಯಲ್ಲಿ ಅಂಕಿ ಬರೆಯದ ಖಾಲಿ ಮನೆಗಳನ್ನು ಹುಡುಕಿ. ಖಾಲಿ ಮನೆ ಬೇರೆ, ಸೊನ್ನೆ ಬೇರೆ. ಸೊನ್ನೆ ಎಂದರೆ ಅಂದು ಮಳೆ ಬಂದಿಲ್ಲ. ಖಾಲಿ ಎಂದರೆ ಅಂದು ಯಾರೂ ಅಳೆದಿಲ್ಲ. ಮಳೆ ಹೆಚ್ಚಿರುವ ಕಡೆ ಮಳೆಗಾಲದ ನಡುವೆ ಒಂದು ತಿಂಗಳು ಸೊನ್ನೆ ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ಒಣನಾಡಿನಲ್ಲಿ ಸೊನ್ನೆಯೇ ಸಹಜವಾದ್ದರಿಂದ ಕಾಣೆಯಾದ ದಿನಗಳು ಸೊನ್ನೆಯ ವೇಷದಲ್ಲಿ ನುಸುಳಿಬಿಡುತ್ತವೆ. ಮಾಪಕ ಕೆಟ್ಟಿದ್ದ ಆ ವಾರದಲ್ಲೇ ವರ್ಷದ ಅರ್ಧ ಮಳೆ ಸುರಿದಿದ್ದರೂ ಸುರಿದಿರಬಹುದು. ಮಳೆಗಾಲದ ದಿನಗಳು ಕಾಣೆಯಾಗಿರುವ ವರ್ಷವನ್ನು ಪಟ್ಟಿಯಿಂದ ಹೊರಗಿಡಿ, ಊಹಿಸಿ ತುಂಬಬೇಡಿ.

ಈಗ ಉಳಿದ ವರ್ಷಗಳ ಮೊತ್ತವನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ. ವಿಷಯ ಸ್ಪಷ್ಟವಾಗಲು ಹತ್ತೇ ವರ್ಷದ ಒಂದು ಕಲ್ಪಿತ ಪಟ್ಟಿ ನೋಡೋಣ, ಮಿಲಿಮೀಟರ್‌ಗಳಲ್ಲಿ: 40, 55, 70, 85, 90, 110, 120, 150, 210, 570. ಒಟ್ಟು 1,500, ಸರಾಸರಿ 150. ಹತ್ತರಲ್ಲಿ ಏಳು ವರ್ಷ ಮಳೆ ಈ ಸರಾಸರಿಯನ್ನು ಮುಟ್ಟಿಲ್ಲ. 570ರ ಆ ಒಂದು ವರ್ಷವನ್ನು ತೆಗೆದು ನೋಡಿ: ಸರಾಸರಿ 103ಕ್ಕೆ ಕುಸಿಯುತ್ತದೆ. ಅಂದರೆ 150 ಎಂಬ ಸಂಖ್ಯೆಯನ್ನು ಮೇಲೆತ್ತಿ ಹಿಡಿದಿರುವುದು ಒಂದೇ ಒಂದು ವರ್ಷ. ಪಟ್ಟಿಯ ನಟ್ಟನಡುವಿನ ಬೆಲೆ, ಅಂದರೆ ಮಧ್ಯಾಂಕ, 90 ಮತ್ತು 110ರ ನಡುವಿನ 100. ಸಾಮಾನ್ಯ ವರ್ಷ ಹೇಗಿರುತ್ತದೆ ಎಂದು ತಿಳಿಸುವುದು ಇದು.

ನನ್ನ ಸಲಹೆ ಇನ್ನೂ ಒಂದು ಹೆಜ್ಜೆ ಕೆಳಗಿನದು. ನೀರಿಗೆ ಸಂಬಂಧಪಟ್ಟ ಯಾವ ಯೋಜನೆಯನ್ನೂ ಮಧ್ಯಾಂಕದ ಮೇಲೆ ನಿಲ್ಲಿಸಬೇಡಿ. ಪಟ್ಟಿಯ ಕೆಳಗಿನ ಕಾಲು ಭಾಗ ಮುಗಿಯುವ ಸಂಖ್ಯೆಯನ್ನು ಹಿಡಿಯಿರಿ. ನಮ್ಮ ಪಟ್ಟಿಯಲ್ಲಿ ಅದು 70. ಕುಡಿಯುವ ನೀರಾದರೆ ಕನಿಷ್ಠವಾದ 40ಕ್ಕೇ ಸಿದ್ಧರಾಗಿ. ಮೋರಿ, ಸೇತುವೆ, ಅಡಿಪಾಯದಂತಹ ಕೆಲಸಕ್ಕೆ ಪಟ್ಟಿಯ ಇನ್ನೊಂದು ತುದಿಯನ್ನು ನೋಡಬೇಕು. ಕುಡಿಯುವ ನೀರಿಗೆ ಒಂದು ತುದಿ, ಕಟ್ಟಡಕ್ಕೆ ಇನ್ನೊಂದು ತುದಿ. ಎರಡಕ್ಕೂ ಸರಾಸರಿಯನ್ನೇ ಬಳಸುವುದರಿಂದ ಎರಡೂ ಕೆಡುತ್ತವೆ.

ತುದಿಗಳು ಎಷ್ಟು ದೂರ ಹೋಗಬಲ್ಲವು ಎಂಬುದಕ್ಕೆ ನಿಜವಾದ ನಿದರ್ಶನಗಳಿವೆ. ಚಿಲಿಯ ಆರಿಕಾದಲ್ಲಿ 1903ರ ಅಕ್ಟೋಬರ್‌ನಿಂದ 1918ರ ಜನವರಿಯವರೆಗೆ ಮಳೆಯೇ ದಾಖಲಾಗಲಿಲ್ಲ. ಯುಎಇಯ ಅಲ್ ಐನ್ ಪ್ರದೇಶದ ಒಂದು ಕೇಂದ್ರದಲ್ಲಿ 2024ರ ಏಪ್ರಿಲ್‌ನಲ್ಲಿ ಒಂದು ದಿನಕ್ಕೂ ಕಡಿಮೆ ಅವಧಿಯಲ್ಲಿ 250 ಮಿ.ಮೀ. ಮೀರಿ ಮಳೆ ಸುರಿಯಿತು. ರಾಜಸ್ಥಾನದ ಬಾಡಮೇರ್ ಜಿಲ್ಲೆ 2006ರ ಆಗಸ್ಟ್‌ನಲ್ಲಿ ನೆರೆಗೆ ಸಿಕ್ಕಾಗ ಕವಾಸ್ ಗ್ರಾಮದಲ್ಲಿ ನೀರು ತಿಂಗಳುಗಟ್ಟಲೆ ನಿಂತಿತ್ತು. ಮರಳಿನ ಕೆಳಗಿನ ಜಿಪ್ಸಂ ಪದರ ನೀರನ್ನು ಇಂಗಲು ಬಿಡಲಿಲ್ಲ.

ಮೊತ್ತದ ಪಕ್ಕದಲ್ಲಿ ಇನ್ನೆರಡು ಕಾಲಂ ಹಾಕಿಕೊಳ್ಳಿ. ಒಂದರಲ್ಲಿ ಮಳೆದಿನಗಳ ಎಣಿಕೆ, ಭಾರತದಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಂದ ದಿನವನ್ನು ಮಳೆದಿನ ಎನ್ನುತ್ತಾರೆ. ಇನ್ನೊಂದರಲ್ಲಿ ಮಳೆಗಾಲದೊಳಗೆ ಎರಡು ಮಳೆಗಳ ನಡುವಿನ ಅತಿ ದೀರ್ಘ ಬಿಡುವು. ಸಸಿಯನ್ನು ಕೊಲ್ಲುವುದು ಮಳೆಯ ಕೊರತೆಗಿಂತ ಹೆಚ್ಚಾಗಿ ಈ ಬಿಡುವು. ನೂರು ಮಿ.ಮೀ. ಮಳೆ ಹತ್ತು ಸಲ ಹಂಚಿ ಬಂದ ವರ್ಷಕ್ಕೂ ಎರಡೇ ಸಲ ಸುರಿದು ಹೋದ ವರ್ಷಕ್ಕೂ ಅಜಗಜಾಂತರ.

ಅಡ್ಡದಾರಿಯೊಂದರ ಬಗ್ಗೆ ಎಚ್ಚರ. ಮೊಬೈಲ್ ಆಪ್‌ಗಳು ಯಾವ ಊರಿನ ಹೆಸರು ಕೊಟ್ಟರೂ ಮಳೆಯ ಅಂಕಿ ತೋರಿಸುತ್ತವೆ. ಅದು ಅಲ್ಲಿ ಅಳೆದದ್ದಲ್ಲ, ಬಹುಮಟ್ಟಿಗೆ ಗಣಕ ಮಾದರಿಯ ಅಂದಾಜು. ಹತ್ತಿರದ ಕೇಂದ್ರದ ದಾಖಲೆಯನ್ನೂ ಕಣ್ಣುಮುಚ್ಚಿ ನಂಬಲಾಗದು. 2010ರ ಆಗಸ್ಟ್‌ನಲ್ಲಿ ಮೇಘಸ್ಫೋಟ ಲೇಹ್ ಪಟ್ಟಣವನ್ನು ಧ್ವಂಸ ಮಾಡಿದ ರಾತ್ರಿ ಅಲ್ಲಿನ ಮಾಪಕದಲ್ಲಿ ಸಿಕ್ಕಿದ್ದು 12.8 ಮಿ.ಮೀ. ಮಾತ್ರ, ಭಾರಿ ಮಳೆ ಮಾಪಕದಿಂದಾಚೆ ಸುರಿದಿತ್ತು. ಒಣನಾಡಿನ ಮಳೆ ಎತ್ತಿನ ಒಂದು ಕೊಂಬು ನೆನೆಸಿ ಇನ್ನೊಂದನ್ನು ಬಿಟ್ಟಂತೆ ಬೀಳುತ್ತದೆ. ಆದ್ದರಿಂದ ಕನಿಷ್ಠ ಮೂರು ಕೇಂದ್ರಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ಓದಿ.

ಹಂತ 4: ಆಕಾಶ ಹಿಂದಕ್ಕೆ ಪಡೆಯುವುದನ್ನೂ ಲೆಕ್ಕ ಹಾಕಿ

ಬಂದ ಮಳೆಯಷ್ಟೇ ಮುಖ್ಯ, ಆವಿಯಾಗಿ ಹೋಗುವ ನೀರು. ಮಳೆಯನ್ನು ಸಂಭಾವ್ಯ ಆವಿಯಾಗುವಿಕೆಯಿಂದ, ಅಂದರೆ ನೀರು ಬೇಕಾದಷ್ಟಿದ್ದರೆ ಎಷ್ಟು ಆವಿಯಾಗಬಲ್ಲದೋ ಅಷ್ಟರಿಂದ, ಭಾಗಿಸಿದಾಗ ಬರುವ ಸಂಖ್ಯೆಯೇ ಶುಷ್ಕತೆಯ ಸೂಚ್ಯಂಕ. ಅದು 0.2 ಮತ್ತು 0.5ರ ನಡುವೆ ಇದ್ದರೆ ಅರೆಶುಷ್ಕ, 0.05 ಮತ್ತು 0.2ರ ನಡುವೆ ಇದ್ದರೆ ಶುಷ್ಕ, 0.05ಕ್ಕಿಂತ ಕಡಿಮೆ ಇದ್ದರೆ ಅತಿಶುಷ್ಕ. ನಮ್ಮ ಕಲ್ಪಿತ ಊರಿನಲ್ಲಿ ವರ್ಷಕ್ಕೆ 2,000 ಮಿ.ಮೀ. ಆವಿಯಾಗಬಲ್ಲದು ಎಂದಿಟ್ಟುಕೊಳ್ಳಿ. ಸರಾಸರಿ 150ರ ಲೆಕ್ಕದಲ್ಲಿ ಸೂಚ್ಯಂಕ 0.075, ಅಂದರೆ ಶುಷ್ಕ. ಆದರೆ 70ರ ವರ್ಷದಲ್ಲಿ ಅದೇ ನೆಲ 0.035ಕ್ಕೆ ಇಳಿದು ಅತಿಶುಷ್ಕ ಪ್ರದೇಶದಂತೆ ವರ್ತಿಸುತ್ತದೆ. ಸರಾಸರಿಯ ಮೇಲೆ ಬರೆದ ಶುಷ್ಕತೆಯ ನಕ್ಷೆಯ ಬಣ್ಣ ನೋಡಿ ಸಸಿ ಆಯ್ದವರಿಗೆ ಈ ವರ್ಷ ಕಾಣಿಸಿರುವುದಿಲ್ಲ.

2,000 ಮಿ.ಮೀ. ಎಂದರೆ ಎರಡು ಮೀಟರ್. ಎರಡು ಮೀಟರ್ ಆಳದ ತೆರೆದ ಹೊಂಡ ಯಾರೂ ಒಂದು ಬಿಂದಿಗೆ ಎತ್ತದಿದ್ದರೂ ವರ್ಷದೊಳಗೆ ಬತ್ತಬಹುದು. ಅಗಲವಾದ ಹೊಂಡ ತೋಡಿಸಲು ಹೊರಟವರಿಗೆ ನಾನು ಹೇಳುವುದಿಷ್ಟೇ: ಅಗಲ ಕಡಿಮೆ ಮಾಡಿ, ಆಳ ಹೆಚ್ಚಿಸಿ, ಮೇಲೆ ಮುಚ್ಚಿ.

ಮಳೆಯ ಕಾಲವೂ ಈ ಲೆಕ್ಕದಲ್ಲಿ ಸೇರುತ್ತದೆ. ದಿನಕ್ಕೆ ಹತ್ತು ಮಿ.ಮೀ. ಆವಿಯಾಗುವ ಕಡುಬೇಸಿಗೆಯಲ್ಲಿ ಬಂದ 10 ಮಿ.ಮೀ. ಮಳೆ ಬೇರಿಗೆ ಇಳಿಯುವ ಮೊದಲೇ ಹಾರಿಹೋಗುತ್ತದೆ. ಅಷ್ಟೇ ಮಳೆ ಚಳಿಗಾಲದಲ್ಲಿ ಬಂದರೆ ಮಣ್ಣಿನಲ್ಲಿ ಹಲವು ದಿನ ಉಳಿಯುತ್ತದೆ.

ಹಂತ 5: ಹಗಲು, ರಾತ್ರಿ ಮತ್ತು ತೇವಾಂಶ

ಗರಿಷ್ಠ ಉಷ್ಣಾಂಶವೊಂದನ್ನೇ ಬರೆದುಕೊಳ್ಳಬೇಡಿ. ಒಣ ಗಾಳಿಯಲ್ಲಿ ನೀರಾವಿ ಕಡಿಮೆ, ಆಕಾಶ ತಿಳಿ; ಹಗಲು ಕಾದ ನೆಲ ರಾತ್ರಿ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ರಾಜಸ್ಥಾನದ ಚುರು 50 ಡಿಗ್ರಿ ದಾಟಿದ ಬೇಸಿಗೆಯನ್ನೂ ಸೊನ್ನೆಗಿಂತ ಕೆಳಗಿಳಿದ ಚಳಿಗಾಲವನ್ನೂ ಕಂಡಿದೆ. ಎಳೆಯ ಗಿಡಗಳಿಗೆ ಬಿಸಿಲಿನಷ್ಟೇ ಹಿಮವೂ ಅಪಾಯ.

ತೇವಾಂಶದ ಶೇಕಡಾವಾರು ಅಂಕಿಯನ್ನು ಓದುವಾಗಲೂ ಗೊಂದಲವಾಗುತ್ತದೆ. ಬೆಳಗ್ಗೆ 20 ಡಿಗ್ರಿಯಲ್ಲಿ ಶೇ 60 ಇದ್ದ ಸಾಪೇಕ್ಷ ಆರ್ದ್ರತೆ, ಗಾಳಿಯಲ್ಲಿನ ನೀರು ಒಂದು ಹನಿಯೂ ಕಡಿಮೆಯಾಗದೆ, 40 ಡಿಗ್ರಿಯ ಮಧ್ಯಾಹ್ನಕ್ಕೆ ಸುಮಾರು ಶೇ 19ಕ್ಕೆ ಇಳಿಯುತ್ತದೆ. ಗಾಳಿ ನಿಜಕ್ಕೂ ಬದಲಾಯಿತೇ ಎಂದು ತಿಳಿಯಲು ಇಬ್ಬನಿ ಬಿಂದುವನ್ನು, ಅಂದರೆ ಗಾಳಿ ಎಷ್ಟು ಡಿಗ್ರಿಗೆ ತಣ್ಣಗಾದರೆ ಇಬ್ಬನಿ ಕಟ್ಟುತ್ತದೋ ಆ ಉಷ್ಣಾಂಶವನ್ನು, ದಾಖಲಿಸಿ. ಅದು ಒಂದೆರಡು ದಿನಗಳಲ್ಲಿ ಥಟ್ಟನೆ ಏರಿದರೆ ಕಡಲ ಕಡೆಯ ತೇವದ ಗಾಳಿ ತಲುಪಿರುವ ಸಂಭವ ಹೆಚ್ಚು.

ಹಂತ 6: ನೀವೇ ಅಳೆಯಿರಿ

ಮಳೆಮಾಪಕವನ್ನು ಬಯಲಿನಲ್ಲಿಡಿ, ಸುತ್ತಲಿನ ಗೋಡೆ, ಮರಗಳಿಂದ ಅವುಗಳ ಎತ್ತರದ ಎರಡರಷ್ಟಾದರೂ ದೂರವಿರಲಿ. ಲೋಹದ ಮಾಪಕವನ್ನೇ ಕೊಳ್ಳಿ. ತೆಳು ಪ್ಲಾಸ್ಟಿಕ್ಕಿನವು ಮರುಭೂಮಿಯ ಬಿಸಿಲಿಗೆ ಬೇಗ ಸೀಳುತ್ತವೆ, ಮಳೆ ಬಂದ ದಿನವೇ ಸೋರುತ್ತವೆ. ಒಳಗೆ ಕಿರಿದಾದ ಆಲಿಕೆ ಇರಬೇಕು, ಇಲ್ಲದಿದ್ದರೆ ಓದುವ ಮೊದಲೇ ನೀರು ಆರಿಹೋಗುತ್ತದೆ. ಮಳೆ ನಿಂತ ಕೂಡಲೇ ಒಮ್ಮೆ ಓದಿ ಬರೆದುಕೊಳ್ಳಿ. ತಿಂಗಳುಗಟ್ಟಲೆ ಬಳಕೆಯಾಗದ ಆಲಿಕೆಯಲ್ಲಿ ಮರಳು ತುಂಬಿಕೊಳ್ಳುವುದರಿಂದ ಮಳೆಗಾಲಕ್ಕೆ ಮುನ್ನ ತೊಳೆಯಿರಿ.

ಉಷ್ಣಮಾಪಕ ನೆರಳಿನಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರಲಿ. ಅಗ್ಗದ ಡಿಜಿಟಲ್ ಹವಾಮಾನ ಕೇಂದ್ರಗಳ ಸಂವೇದಕವನ್ನು ಬಿಸಿಲಿಗೆ ಒಡ್ಡಿ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸುತ್ತಾರೆ. ಅದು ತೋರಿಸುವುದು ಗೋಡೆಯ ಬಿಸಿಯನ್ನು. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು ದಾಖಲಾದ 51 ಡಿಗ್ರಿ ದೇಶದ ದಾಖಲೆ. ನಿಮ್ಮ ಮಾಪಕ ಭಾರತದಲ್ಲಿ 55 ತೋರಿಸಿದರೆ ಅದನ್ನು ಇಟ್ಟ ಜಾಗ ಬದಲಿಸಿ.

ಹಂತ 7: ಗಾಳಿ, ಧೂಳು, ಮೋಡ

ಗಾಳಿಯ ದಿಕ್ಕನ್ನು ದಿನಕ್ಕೆರಡು ಸಲ ಬರೆದರೆ ಸಾಕು. ಮೋಡದಿಂದ ಇಳಿಬಿದ್ದ ಮಳೆಯ ಎಳೆಗಳು ನೆಲ ಮುಟ್ಟದೆ ನಡುವೆಯೇ ಮಾಯವಾಗುತ್ತಿದ್ದರೆ ಮಳೆಗಾಗಿ ಕಾಯುವ ಬದಲು ಡೇರೆಯ ಹಗ್ಗ ಬಿಗಿಯಿರಿ. ಹನಿಗಳು ಆವಿಯಾದಾಗ ತಣ್ಣಗಾಗುವ ಗಾಳಿ ಭಾರವಾಗಿ ಕೆಳಗಪ್ಪಳಿಸಿ ಧೂಳನ್ನು ಗೋಡೆಯಂತೆ ಎಬ್ಬಿಸಬಲ್ಲದು. ದೂರದ ಬೆಟ್ಟದ ಮೇಲೆ ಗುಡುಗು ಕೇಳಿದರೆ, ತಲೆಯ ಮೇಲೆ ಬಿಸಿಲಿದ್ದರೂ ಒಣಹಳ್ಳದ ಪಾತ್ರದಿಂದ ಮೇಲೆ ಬನ್ನಿ.

ಹಂತ 8: ಮುನ್ಸೂಚನೆಯನ್ನು ನಿಮ್ಮ ಪಟ್ಟಿಗೆ ಹೋಲಿಸಿ

ಎಲ್ ನಿನೊ, ಅಂದರೆ ಸಮಭಾಜಕದ ಬಳಿಯ ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವುದು, ಬಂತೆಂದರೆ ಎಲ್ಲೆಡೆ ಬರ ಎಂಬ ಮಾತು ತಪ್ಪು. ಅದೇ ಎಲ್ ನಿನೊ ಉತ್ತರ ಪೆರುವಿನ ಒಣ ಕರಾವಳಿಗೆ ನೆರೆ ತರುತ್ತದೆ. ಭಾರತದ ಮುಂಗಾರನ್ನು ಅದು ಹಲವು ಸಲ ಕುಗ್ಗಿಸಿದ್ದರೂ, ಪ್ರಬಲ ಎಲ್ ನಿನೊ ಇದ್ದ 1997ರಲ್ಲಿ ಮುಂಗಾರು ವಾಡಿಕೆಯ ಮಟ್ಟದಲ್ಲೇ ಇತ್ತು. ಹಂತ 3ರಲ್ಲಿ ಜೋಡಿಸಿದ ಪಟ್ಟಿಗೆ ಹಿಂದಿರುಗಿ ಎಲ್ ನಿನೊ ವರ್ಷಗಳಿಗೆ ಕೆಂಪು ಗುರುತು, ಅದಕ್ಕೆ ವಿರುದ್ಧವಾಗಿ ಆ ನೀರು ತಣ್ಣಗಾಗುವ ಲಾ ನಿನಾ ವರ್ಷಗಳಿಗೆ ನೀಲಿ ಗುರುತು ಹಾಕಿ. ಒಂದು ಬಣ್ಣ ಒಂದೇ ತುದಿಯಲ್ಲಿ ಗುಂಪುಗೂಡಿದ್ದರೆ ನಿಮ್ಮ ಪ್ರದೇಶಕ್ಕೆ ಆ ನಂಟು ಇರುವ ಸಂಭವ ಹೆಚ್ಚು. ಮುಂದಿನ ಋತುವಿನ ಮುನ್ಸೂಚನೆ ಬಂದಾಗ ಬಿತ್ತನೆ, ನೀರಿನ ದಾಸ್ತಾನು ಎರಡನ್ನೂ ಅದಕ್ಕೆ ತಕ್ಕಂತೆ ಬದಲಿಸಿ. ಬಣ್ಣಗಳು ಪಟ್ಟಿಯ ಉದ್ದಕ್ಕೂ ಚದುರಿದ್ದರೆ ಆ ಸುದ್ದಿಯನ್ನು ಬದಿಗಿಟ್ಟು, ಕೆಳಗಿನ ಕಾಲು ಭಾಗದ ಲೆಕ್ಕದಲ್ಲೇ ಮುಂದುವರಿಯಿರಿ.