ನಿವೃತ್ತಿಯ ಕಡತ ಮತ್ತು ಆಸ್ಪತ್ರೆಯ ಖರ್ಚು: ನನ್ನ ಅನುಭವ

ನಮ್ಮ ಕರ್ನಾಟಕದ ಸರ್ಕಾರಿ ನೌಕರರಲ್ಲಿ ನಿವೃತ್ತಿ ಹತ್ತಿರವಾದಂತೆ ಪಿಂಚಣಿ, ಉಪದಾನ (ಗ್ರಾಚ್ಯುಟಿ), ರಜೆ ನಗದೀಕರಣಗಳ ಲೆಕ್ಕ ಹಾಕದವರಿಲ್ಲ. ಆದರೆ ಸೇವೆಯ ಕೊನೆಯ ದಿನವೇ ತಮ್ಮ ಆರೋಗ್ಯ ರಕ್ಷಣೆಯೂ ಮುಗಿಯುತ್ತದೆ ಎಂಬುದನ್ನು ಮುಂಚಿತವಾಗಿ ಯೋಚಿಸುವವರು ತೀರ ಕಡಿಮೆ. ಸರ್ಕಾರಿ ಪ್ರೌಢಶಾಲೆಯ ಸಹ ಶಿಕ್ಷಕಿಯಾಗಿದ್ದ ನಾನು 2025ರ ಮೇ 31ರಂದು ವಯೋನಿವೃತ್ತಿ ಹೊಂದಿದೆ. ಪಿಂಚಣಿ ನಿಯಮದ ಪ್ರಕಾರ ಬಂದೇ ಬರುತ್ತದೆ, ತಡವಾಗಬಹುದು ಅಷ್ಟೇ. ಆರೋಗ್ಯದ ಏರ್ಪಾಡನ್ನು ಮಾತ್ರ ನಾವೇ ಮಾಡಿಕೊಳ್ಳಬೇಕು, ಅದನ್ನು ಪಿಂಚಣಿ ಕಾಗದಗಳಿಗಿಂತ ಮೊದಲೇ ಆರಂಭಿಸಬೇಕು ಎಂಬುದು ನನ್ನ ಅನುಭವ.

ನನಗೆ ಈ ಎಚ್ಚರ ಮೂಡಿಸಿದ್ದು ನನಗಿಂತ ಮೊದಲು ನಿವೃತ್ತರಾದ ಸಹೋದ್ಯೋಗಿಯೊಬ್ಬರ ಪ್ರಕರಣ. ನಿವೃತ್ತಿಯಾದ ಕೆಲವೇ ತಿಂಗಳಲ್ಲಿ ಅವರಿಗೆ ಹೃದಯದ ತೊಂದರೆ ಕಾಣಿಸಿಕೊಂಡು ಸ್ಟೆಂಟ್ ಹಾಕಿಸಬೇಕಾಯಿತು. ಸೇವೆಯಲ್ಲಿದ್ದಿದ್ದರೆ ಅದೇ ಚಿಕಿತ್ಸೆ ‘ಜ್ಯೋತಿ ಸಂಜೀವಿನಿ’ ಯೋಜನೆಯಲ್ಲಿ ನಗದುರಹಿತವಾಗಿ ಆಗುತ್ತಿತ್ತು, ಏಕೆಂದರೆ ಹೃದ್ರೋಗ, ಕ್ಯಾನ್ಸರ್, ನರರೋಗ, ಮೂತ್ರಪಿಂಡದ ಕಾಯಿಲೆಯಂಥ ದೊಡ್ಡ ಚಿಕಿತ್ಸೆಗಳು ಅದರ ವ್ಯಾಪ್ತಿಯಲ್ಲಿದ್ದವು. ಉಳಿದ ಚಿಕಿತ್ಸೆಗಳಿಗೆ 1963ರ ವೈದ್ಯಕೀಯ ಹಾಜರಾತಿ ನಿಯಮಗಳಡಿ ಬಿಲ್ಲು ಸಲ್ಲಿಸಿ ಮರುಪಾವತಿ ಪಡೆಯುವ ದಾರಿಯಿತ್ತು. ನಿವೃತ್ತಿಯ ನಂತರ ಅವರಿಗೆ ಈ ಎರಡೂ ದಾರಿಗಳು ಇರಲಿಲ್ಲ. ಉಪದಾನದ ಹಣದಲ್ಲಿ ಗಣನೀಯ ಭಾಗ ಆಸ್ಪತ್ರೆಗೇ ಹೋಯಿತು.

ಅದನ್ನು ಕಂಡ ಮೇಲೆ 2021ರ ಮೇ ತಿಂಗಳಲ್ಲಿಯೇ ನನ್ನ ಮತ್ತು ನನ್ನ ಯಜಮಾನರ ಹೆಸರಿನಲ್ಲಿ ಒಂದು ಖಾಸಗಿ ಆರೋಗ್ಯ ವಿಮೆ ಮಾಡಿಸಿದೆ. ನೌಕರಿ ಇರುವಾಗ ಇದಕ್ಕೇಕೆ ಹಣ ಎಂದು ಮನೆಯಲ್ಲಿ ಪ್ರಶ್ನೆ ಬಂತು, ಅದು ಸಹಜವೂ ಹೌದು. ಆದರೆ ಮೊದಲೇ ಇರುವ ಕಾಯಿಲೆಗಳಿಗೆ ವಿಮಾ ಕಂಪನಿಗಳು ಕಾಯುವ ಅವಧಿಯನ್ನು ವಿಧಿಸುತ್ತವೆ. ಆಗ ಅದು ಗರಿಷ್ಠ 48 ತಿಂಗಳು ಇತ್ತು. ಯಜಮಾನರಿಗೆ ಮಧುಮೇಹ, ನನಗೆ ರಕ್ತದೊತ್ತಡ. ನಿವೃತ್ತಿಯ ದಿನ ವಿಮೆ ಕೊಂಡಿದ್ದರೆ, ಯಾವ ಕಾಯಿಲೆಗಳ ಭಯದಿಂದ ವಿಮೆ ಮಾಡಿಸುತ್ತೇವೋ ಅವೇ ಕಾಯಿಲೆಗಳಿಗೆ ವರ್ಷಗಟ್ಟಲೆ ರಕ್ಷಣೆ ಇಲ್ಲದೆ ಇರಬೇಕಾಗುತ್ತಿತ್ತು. ನಾಲ್ಕು ವರ್ಷ ಮೊದಲೇ ಮಾಡಿಸಿದ್ದರಿಂದ ಸರ್ಕಾರದ ರಕ್ಷಣೆ ಮುಗಿಯುವ ಹೊತ್ತಿಗೆ ಕಾಯುವ ಅವಧಿಯೂ ಮುಗಿದಿತ್ತು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಈ ಅವಧಿಯನ್ನು ಗರಿಷ್ಠ 36 ತಿಂಗಳಿಗೆ ಇಳಿಸಿದೆ, ಆದ್ದರಿಂದ 60ಕ್ಕೆ ನಿವೃತ್ತರಾಗುವವರು ಈಗ 57ನೆಯ ವಯಸ್ಸಿನಲ್ಲಿ ಆರಂಭಿಸಿದರೂ ಲೆಕ್ಕ ಸರಿಹೋಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಶೇ. 18ರ ಜಿಎಸ್‌ಟಿ ರದ್ದಾಗಿರುವುದೂ ನಮ್ಮಂಥವರಿಗೆ ಅನುಕೂಲ.

ಅರ್ಜಿ ತುಂಬುವಾಗ ಏಜೆಂಟರು ಸಕ್ಕರೆ ಕಾಯಿಲೆಯ ವಿಷಯ ಬರೆಯದಿದ್ದರೂ ನಡೆಯುತ್ತದೆ ಎಂದರು. ನಾವು ಒಪ್ಪಲಿಲ್ಲ. ಯಾವ ಮಾತ್ರೆ, ಎಷ್ಟು ವರ್ಷದಿಂದ ಎಂಬುದನ್ನೆಲ್ಲ ಬರೆದು, ಕಂಪನಿ ಸೂಚಿಸಿದ ರಕ್ತಪರೀಕ್ಷೆಗೂ ಹೋಗಿ ಬಂದೆವು. ಕಂತು ಹೆಚ್ಚಾಯಿತು, ಆದರೆ ಕ್ಲೇಮಿನ ಸಮಯದಲ್ಲಿ ‘ಮುಚ್ಚಿಟ್ಟಿದ್ದೀರಿ’ ಎಂದು ತಿರಸ್ಕರಿಸಲು ಕಾರಣ ಉಳಿಯಲಿಲ್ಲ.

ಇನ್ನು ಪಿಂಚಣಿಯ ಕಡತ. ಎಲ್ಲದರ ಬೇರು ಇರುವುದು ಸೇವಾ ಪುಸ್ತಕದಲ್ಲಿ. ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಮುಖ್ಯ ಶಿಕ್ಷಕರ ಅನುಮತಿ ಪಡೆದು, ಅವರ ಕೊಠಡಿಯಲ್ಲಿಯೇ ಕುಳಿತು ನನ್ನ ಸೇವಾ ಪುಸ್ತಕವನ್ನು ಮೊದಲ ಪುಟದಿಂದ ಓದಿದೆ. ಪ್ರತಿ ವರ್ಗಾವಣೆಯ ಬಿಡುಗಡೆ ದಿನಾಂಕಕ್ಕೂ ಮುಂದಿನ ಶಾಲೆಯಲ್ಲಿ ಹಾಜರಾದ ದಿನಾಂಕಕ್ಕೂ ನಡುವೆ ಲೆಕ್ಕವಿಲ್ಲದ ದಿನಗಳು ಉಳಿದಿವೆಯೇ, ಪ್ರತಿ ವಾರ್ಷಿಕ ವೇತನ ಬಡ್ತಿಯ ನಮೂದಿಗೆ ಸಹಿ ಇದೆಯೇ, ಗಳಿಕೆ ರಜೆಯ ಖಾತೆ ತಾಳೆಯಾಗುತ್ತದೆಯೇ ಎಂದು ಪೆನ್ಸಿಲ್ಲಿನಲ್ಲಿ ಬೇರೆ ಹಾಳೆಯ ಮೇಲೆ ಗುರುತು ಹಾಕಿಕೊಂಡೆ. ತೊಂಬತ್ತರ ದಶಕದಲ್ಲಿ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಒಂದು ವರ್ಷದ ಸೇವಾ ಪರಿಶೀಲನೆಯ ಷರಾ ಬರೆದಿದ್ದರೂ ಅಧಿಕಾರಿಯ ಸಹಿಯೇ ಇರಲಿಲ್ಲ. ನಾನೇ ಆ ಶಾಲೆಗೆ ಹೋಗಿ, ಹಳೆಯ ವೇತನ ಬಟವಾಡೆ ವಹಿಯಲ್ಲಿ ಆ ವರ್ಷ ಸಂಬಳ ಪಡೆದಿದ್ದಕ್ಕೆ ನನ್ನ ಸಹಿಯಿರುವ ಪುಟಗಳ ದೃಢೀಕೃತ ನಕಲು ತಂದೆ. ಅದರ ಆಧಾರದ ಮೇಲೆ ಷರಾ ಕ್ರಮಬದ್ಧವಾಯಿತು. ಈ ಒಂದು ಸಹಿಯ ಕೊರತೆ ಪಿಂಚಣಿ ಕಡತಗಳನ್ನು ಪರಿಶೀಲಿಸುವ ಮಹಾಲೇಖಪಾಲರ (ಎ.ಜಿ.) ಕಚೇರಿಯಲ್ಲಿ ಕಂಡುಬಂದು ಕಡತ ಆಕ್ಷೇಪಣೆಯೊಂದಿಗೆ ವಾಪಸಾಗಿದ್ದರೆ ಪಿಂಚಣಿ ಎಷ್ಟು ತಡವಾಗುತ್ತಿತ್ತೋ ಹೇಳಲಾಗದು.

ಹೆಸರಿನ ವಿಷಯದಲ್ಲೂ ಅಷ್ಟೇ ಜಾಗ್ರತೆ ಬೇಕು. ಯಜಮಾನರ ಹೆಸರು ಸೇವಾ ಪುಸ್ತಕದ ನಾಮನಿರ್ದೇಶನದಲ್ಲಿ ಇನಿಷಿಯಲ್ ಮುಂದಿಟ್ಟು, ಆಧಾರ್‌ನಲ್ಲಿ ತಂದೆಯ ಹೆಸರು ಕೊನೆಗೆ ಸೇರಿ, ಬ್ಯಾಂಕಿನಲ್ಲಿ ಮತ್ತೊಂದು ರೀತಿ ಇತ್ತು. ಅದನ್ನೆಲ್ಲ ಒಂದೇ ರೀತಿಗೆ ತಂದ ಮೇಲೆಯೇ ಜಂಟಿ ಭಾವಚಿತ್ರ, ಕುಟುಂಬದ ವಿವರ, ಬೇಬಾಕಿ ಪ್ರಮಾಣಪತ್ರಗಳೊಂದಿಗೆ ಪ್ರಸ್ತಾವನೆ ಕಳುಹಿಸಿದೆವು.

ಮೊತ್ತಗಳ ಲೆಕ್ಕ ಕಷ್ಟದ್ದಲ್ಲ. ಪೂರ್ಣ ಅರ್ಹತಾದಾಯಕ ಸೇವೆ (ಪಿಂಚಣಿಗೆ ಲೆಕ್ಕಕ್ಕೆ ಬರುವ ಸೇವೆ) ಇರುವವರಿಗೆ ಕೊನೆಯ ಮೂಲ ವೇತನದ ಅರ್ಧ ಪಿಂಚಣಿ. ಮೂಲ ವೇತನ ರೂ. 80,000 ಎಂದಿಟ್ಟುಕೊಂಡರೆ ಪಿಂಚಣಿ ರೂ. 40,000. ಅದರ ಮೂರನೇ ಒಂದು ಭಾಗವನ್ನು ಪರಿವರ್ತಿಸಿ ಇಡಿಗಂಟಾಗಿ ಪಡೆದರೆ ತಿಂಗಳಿಗೆ ಸುಮಾರು ರೂ. 26,667 ಉಳಿಯುತ್ತದೆ, ಆದರೆ ತುಟ್ಟಿ ಭತ್ಯೆ ಪೂರ್ಣ ರೂ. 40,000ದ ಮೇಲೆಯೇ ಸಿಗುತ್ತದೆ. ಕಡಿತವಾದ ಭಾಗ 15 ವರ್ಷಗಳ ನಂತರ ಮರುಸ್ಥಾಪನೆಯಾಗುತ್ತದೆ. ಖಾತೆಯಲ್ಲಿ ಉಳಿದ ಗಳಿಕೆ ರಜೆಯನ್ನು ಗರಿಷ್ಠ 300 ದಿನಗಳವರೆಗೆ ನಗದೀಕರಿಸಬಹುದು. ನಾನು ಪರಿವರ್ತನೆಯನ್ನು ಪೂರ್ಣವಾಗಿ ಆಯ್ಕೆ ಮಾಡಿಕೊಂಡು, ಬಂದ ಹಣದ ಒಂದು ಪಾಲನ್ನು ಆಸ್ಪತ್ರೆಯ ಖರ್ಚಿಗೆಂದೇ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟೆ; ಶೇ. 8.2ರ ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತದೆ, ವಿಮೆಯ ಕಂತನ್ನು ಅದರಿಂದಲೇ ಕಟ್ಟುತ್ತೇನೆ. ಮಗಳ ಮದುವೆಗೋ ಮನೆಯ ಮಹಡಿಗೋ ಇಡಿಗಂಟನ್ನು ಪೂರ್ತಿ ಖರ್ಚು ಮಾಡುವುದನ್ನು ನಾನು ಖಂಡಿತವಾಗಿ ಒಪ್ಪುವುದಿಲ್ಲ.

2006ರ ಏಪ್ರಿಲ್ 1ರಂದು ಅಥವಾ ನಂತರ ಸೇವೆಗೆ ಸೇರಿ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ವ್ಯಾಪ್ತಿಯಲ್ಲಿರುವ ಕಿರಿಯ ಮಿತ್ರರಿಗೆ ಆರೋಗ್ಯದ ಈ ಏರ್ಪಾಡು ಇನ್ನೂ ಅಗತ್ಯ. ಅವರ ಶೇ. 10 ಮತ್ತು ಸರ್ಕಾರದ ಶೇ. 14ರ ವಂತಿಗೆಯಿಂದ ಬೆಳೆದ ನಿಧಿಯಲ್ಲಿ ಕನಿಷ್ಠ ಶೇ. 40ರಷ್ಟನ್ನು ಆನ್ಯುಟಿಗೆ (ನಿಯತವಾಗಿ ಹಣ ಕೊಡುವ ವಿಮಾ ಯೋಜನೆಗೆ) ತೊಡಗಿಸಬೇಕು, ಮತ್ತು ಆ ಆನ್ಯುಟಿಗೆ ತುಟ್ಟಿ ಭತ್ಯೆ ಇರುವುದಿಲ್ಲ.

ಸೇವೆಯಲ್ಲಿರುವವರ ವೇತನದಿಂದ ವೃಂದವಾರು ತಿಂಗಳಿಗೆ ರೂ. 250ರಿಂದ ರೂ. 1,000ದವರೆಗೆ ವಂತಿಗೆ ಪಡೆದು ನಡೆಯುವ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆಯನ್ನು ಸರ್ಕಾರ ತಂದಿರುವುದು ಸ್ವಾಗತಾರ್ಹ. ನಿವೃತ್ತರಿಗೂ ಅದನ್ನು ವಿಸ್ತರಿಸಿದರೆ ಪಿಂಚಣಿಯಿಂದ ಅಂಥದೇ ವಂತಿಗೆ ಕೊಡಲು ನನ್ನಂಥ ಎಷ್ಟೋ ಮಂದಿ ಸಿದ್ಧರಿದ್ದೇವೆ. ಮೂರು ದಶಕ ದುಡಿದವರಿಗೆ ಕಾಯಿಲೆಗಳು ಬರುವ ವಯಸ್ಸಿನಲ್ಲಿಯೇ ರಕ್ಷಣೆ ಇಲ್ಲದಂತಾಗುವುದು ನ್ಯಾಯವಲ್ಲ.

ನನ್ನ ಪಿಂಚಣಿ ಪಾವತಿ ಆದೇಶ ಕೈಸೇರಿದ ಮೇಲೆ ಅದರಲ್ಲಿ ಯಜಮಾನರ ಹೆಸರೂ ಕುಟುಂಬ ಪಿಂಚಣಿಯ ಮೊತ್ತವೂ ಸರಿಯಾಗಿ ನಮೂದಾಗಿವೆಯೇ ಎಂದು ಮೊದಲು ನೋಡಿದೆ. ನಂತರ ಆದೇಶದ ನಕಲು, ವಿಮೆಯ ಕಾರ್ಡು, ಕಂತಿನ ದಿನಾಂಕ ಮತ್ತು ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರದ ವಿವರಗಳನ್ನು ಒಂದೇ ಕಡತದಲ್ಲಿ ಸೇರಿಸಿ, ನನ್ನ ನಂತರ ಮರಣ ಪ್ರಮಾಣಪತ್ರದೊಂದಿಗೆ ಬ್ಯಾಂಕಿನಲ್ಲಿ ಯಾರನ್ನು ಕಾಣಬೇಕು, ಏನು ಕೊಡಬೇಕು ಎಂಬುದನ್ನು ಯಜಮಾನರಿಗೂ ಮಗಳಿಗೂ ಕೂರಿಸಿ ತಿಳಿಸಿದ್ದೇನೆ.