ಬಲೂನು ಬಿಟ್ಟು ಹಿಡಿಕಡ್ಡಿ ಹಿಡ್ಕೊಂಡಿದ್ದು: ನಮ್ಮಲ್ಲಿ ಟೀಮ್ ಬಿಲ್ಡಿಂಗ್ ಮಾಡಿದ ನನ್ನ ಅನುಭವ

ಶಿರಸಿಲಿ ಅಡಿಕೆ ವ್ಯಾಪಾರದ ಒಂದು ಕಡೆ ಆಡಳಿತ ನೋಡ್ಕೊಳ್ಳೋ ಕೆಲಸ ನಂದು. ಒಟ್ಟು 22 ಜನ, ಅದ್ರಲ್ಲಿ ಅರ್ಧ ಜನ ಕಂಪ್ಯೂಟರ್ ಮುಂದೆ, ಇನ್ನರ್ಧ ಅಂಗಳದಲ್ಲಿ. ಚೀಲ ಇಳ್ಸೋರು, ಅಡಿಕೆ ವಿಂಗಡ್ಸೋರು, ತೂಕದೋರು, ಡ್ರೈವರು. ಮಧ್ಯೆ ಒಂದು ಗೋಡೆ, ಗೋಡೆಗೊಂದು ಕಿಟಕಿ, ಆ ಕಿಟಕಿಲಿ ಈ ಕಡೆ ಅಡಿಕೆ ಬಗೆ, ತೂಕ ಬರ್ದ ಚೀಟಿ ಬರತ್ತೆ, ಆ ಕಡೆ ಬೈಗುಳ ಹೋಗತ್ತೆ. ಬೇರೆ ಮಾತುಕತೆ ಇಲ್ಲ.

ಮೇಲಿನೋರು "ಎಂತಾದ್ರೂ ಟೀಮ್ ಬಿಲ್ಡಿಂಗ್ ಮಾಡಿ" ಅಂದ್ರು, ಅಂದ್ರೆ ಎಲ್ರನ್ನೂ ಒಗ್ಗೂಡ್ಸೋ ಚಟುವಟಿಕೆ. ನಾನೂ ಹುಮ್ಮಸ್ಸಲ್ಲಿ ಯೂಟ್ಯೂಬ್ ನೋಡಿ ಒಬ್ರು ಟ್ರೇನರ್‌ನ ಕರ್ಸಿ ಒಂದು ಹೋಮ್‌ಸ್ಟೇಲಿ ಇಟ್ಕೊಂಡೆ. ಬಲೂನ್ ಒಡ್ಯೋದು, ಕಣ್ಣಿಗೆ ಬಟ್ಟೆ ಕಟ್ಕಂಡು ನಡ್ಯೋದು, ಆಮೇಲೆ ಹಿಂದಕ್ಕೆ ಬೀಳೋದು ಹಿಂದಿದ್ದೋರು ಹಿಡ್ಕೊಳ್ಳೋದು. ಸೀರೆ ಉಟ್ಕಂಡು ಬಂದ ಕ್ಯಾಷಿಯರ್ ಅಕ್ಕಂಗೆ, ಸೊಂಟ ನೋವಿರೋ ತೂಕದ ಅಣ್ಣಂಗೆ, "ಬೀಳಿ, ನಂಬಿಕೆ ಇಡಿ" ಅಂದ್ರೆ ಹ್ಯಾಗಾಗ್ಬೇಡ? ಅಣ್ಣ ನಕ್ಕು "ನಾ ಊಟಕ್ಕೆ ಬಂದಿದ್ದು" ಅಂದು ಜಗಲಿ ಕಟ್ಟೆ ಮೇಲೆ ಕೂತ್ರು, ಅವ್ರ ಹಿಂದೆ ಅಂಗಳದೋರೆಲ್ಲಾ ಹೋಗಿ ಕೂತ್ರು. ತಪ್ಪು ಟ್ರೇನರ್‌ದಲ್ಲ ಬಿಡಿ, ಯಾರು ಬರ್ತಾರೆ ಅಂತ ನಾನು ಸರಿಯಾಗಿ ಹೇಳಿರ್ಲಿಲ್ಲ.

ಎರಡನೇ ಸಲ ಪ್ರವಾಸ. ಹುಡುಗ್ರು ದಾಂಡೇಲಿ ರಾಫ್ಟಿಂಗ್ ಅಂದ್ರು, ಅರ್ಧ ಜನಕ್ಕೆ ಈಜು ಬರಲ್ಲ ಅಂತ ಬಿಟ್ಟು ಯಾಣಕ್ಕೆ ಹೋದ್ವಿ. ಅಲ್ಲಿಯ ಭೈರವೇಶ್ವರ ಶಿಖರ ಅನ್ನೋ ಬಂಡೆ 120 ಮೀಟರ್ ಎತ್ತರ, ಅದರ ಬುಡದಲ್ಲಿ ನಿಂತ್ರೆ ಎಲ್ರೂ ಒಂದೇ ಅನ್ಸತ್ತೆ ಅಂತ ನಾನು ಲೆಕ್ಕ ಹಾಕಿದ್ದೆ. ಆಗಿದ್ದೆಂತ, ಟೆಂಪೋದಲ್ಲಿ ಮುಂದಿನ ಸೀಟೆಲ್ಲಾ ಆಫೀಸಿಂದು, ಹಿಂದಿನ ಸೀಟೆಲ್ಲಾ ಅಂಗಳದ್ದು, ಫೋಟೋದಲ್ಲೂ ಎರಡು ಗುಂಪು, ಅವಲಕ್ಕಿ ಡಬ್ಬಿನೂ ಎರಡು. ಖುಷಿಯೇನೋ ಆಯ್ತು. ಆದ್ರೆ ಸೋಮವಾರ ಕಿಟಕಿಲಿ ಅದೇ ಬೈಗುಳ.

ಆಗ ಸ್ವಲ್ಪ ಕೂತು ಯೋಚ್ನೆ ಮಾಡ್ದೆ. ಜಗಳ ನಿಜವಾಗ್ಲೂ ಎಂತಕ್ಕೆ ಅಂತ ಒಂದು ತಿಂಗ್ಳು ಬರ್ದಿಟ್ಕೊಂಡೆ. ಹೆಚ್ಚಿನದು ಚೀಟಿದೇ. ಅಡಿಕೆಲಿ ಬೆಟ್ಟೆ, ಬಿಳಿಗೋಟು ಅಂತೆಲ್ಲಾ ಬಗೆ ಉಂಟು; ಅವಸರದಲ್ಲಿ ಬೆಟ್ಟೆಗೆ "ಬೆ" ಅಂತ, ಬಿಳಿಗೋಟಿಗೆ "ಬಿ" ಅಂತ ಬರೀತಾರೆ, ಒಳಗಿನೋರಿಗೆ ಎರಡೂ ಒಂದೇ ಥರ ಕಾಣತ್ತೆ, ಎರಡರ ದರಕ್ಕೆ ದೊಡ್ಡ ಅಂತರ ಇರತ್ತಲ್ಲ, ಬಿಲ್ ತಪ್ಪಿದ್ರೆ ರೈತ್ರು ಕಿಟಕಿಗೇ ಬರ್ತಾರೆ. ಅಂದ್ಮೇಲೆ ಈ ಗಂಟು ಬಿಚ್ಚೋ ಚಟುವಟಿಕೆ ಬೇಕು, ನಂಬಿಕೆ ಗಿಂಬಿಕೆ ಆಮೇಲೆ.

ಆದ್ರೂ ಮೊದ್ಲು ಮೈಚಳಿ ಬಿಡ್ಸೋಕೆ ಒಂದು ಆಟ ಬೇಕಿತ್ತು. ಪೀಟರ್ ಸ್ಕಿಲ್‌ಮನ್ ಅನ್ನೋರು ಮಾಡಿದ, ಟಾಮ್ ವುಜೆಕ್ 2010ರ ಭಾಷಣದಿಂದ ಎಲ್ಲಾ ಕಡೆ ಗೊತ್ತಾದ ಒಂದು ಆಟ ಉಂಟು: 20 ಸ್ಪಗೆಟಿ (ಶಾವಿಗೆ ಥರದ್ದು) ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ, ಒಂದು ಮಾರ್ಷ್‌ಮೆಲೋ (ಮೆತ್ತನೆ ಮಿಠಾಯಿ). 18 ನಿಮಿಷದಲ್ಲಿ ಆದಷ್ಟು ಎತ್ತರದ ಗೋಪುರ ಕಟ್ಟಿ ತುದಿಗೆ ಮಾರ್ಷ್‌ಮೆಲೋ ಇಡ್ಬೇಕು. ನಮ್ಮಲ್ಲಿ ಸ್ಪಗೆಟಿ ಹುಡ್ಕೋರ್ಯಾರು, ಪೊರಕೆಯ ಹಿಡಿಕಡ್ಡಿ ತಂದೆ, ದಾರದ ಬದ್ಲು ಬಾಳೆನಾರು, ತುದಿಗೆ ಒಂದು ಚಾಲಿ ಅಡಿಕೆ. ಹೆಸ್ರು ಚೀಟಿ ಎತ್ತಿ ಗುಂಪು ಮಾಡ್ದೆ, ಇಲ್ದಿದ್ರೆ ಮತ್ತೆ ಎರಡು ಗುಂಪೇ.

ಅಕೌಂಟ್ಸ್ ಹುಡುಗ್ರಿದ್ದ ಗುಂಪು ಪೇಪರ್ ಮೇಲೆ ಚಿತ್ರ ಬರೀತಾ ಕೂತು ಹತ್ತು ನಿಮಿಷ ಕಳೀತು, ಕೊನೇ ನಿಮಿಷ ಅಡಿಕೆ ಇಟ್ರು, ಇಡೀ ಗೋಪುರ ಬಗ್ಗಿ ನಮಸ್ಕಾರ ಮಾಡ್ತು. ಹಿಡಿಕಡ್ಡಿ ಬುಡ ಗಟ್ಟಿ, ತುದಿ ಬಳುಕು, ಅದು ಅವ್ರಿಗೆ ಹೊಳೀಲಿಲ್ಲ. ಇನ್ನೊಂದು ಗುಂಪಲ್ಲಿ ನಮ್ಮ ಹಮಾಲಿ ಅಣ್ಣ ಒಬ್ರು ಮಾತಾಡ್ದೇ ಮೂರು ಮೂರು ಕಡ್ಡಿ ಸೇರ್ಸಿ, ಬುಡ ಒಂದು ಕಡೆ ತುದಿ ಒಂದು ಕಡೆ ಬರೋ ಹಾಗೆ ತಿರ್ಗಿಸಿ ನಾರು ಸುತ್ತಿದ್ರು, ಮೊದ್ಲು ಗೇಣುದ್ದ ಕಟ್ಟಿ ಅಡಿಕೆ ಇಟ್ಟು ನೋಡಿದ್ರು, ನಿಲ್ತು, ಆಮೇಲೆ ಮೇಲೆ ಏರ್ಸಿದ್ರು. ಹಾಗೆ ನಡುನಡುವೆ ಇಟ್ಟು ನೋಡೋದೇ ಈ ಆಟದ ಗುಟ್ಟು. ಬಾಲವಾಡಿ ಮಕ್ಕಳು ಬಿಸಿನೆಸ್ ಓದಿದೋರಿಗಿಂತ ಎತ್ತರ ಕಟ್ಟೋದು ಅದಕ್ಕೇ ಅಂತ ವುಜೆಕ್ ಹೇಳ್ತಾರೆ. ನಮ್ಮ ಬಿಲ್ಲಿಂಗ್ ತಂಗಿ "ಅಣ್ಣಾ ಈ ಗಂಟು ಹ್ಯಾಗೆ ಹಾಕಿದ್ರಿ" ಅಂತ ಕೇಳಿದ್ದು ಎರಡು ವರ್ಷದಲ್ಲಿ ಅವ್ರಿಬ್ರ ನಡುವೆ ಬಿಲ್ ಬಿಟ್ಟು ನಡೆದ ಮೊದಲ ಮಾತು ಅಂತ ನನ್ನ ನಂಬಿಕೆ.

ಅಸಲು ಕೆಲಸ ಆಗಿದ್ದು ಅದರ ಮಾರನೇ ವಾರ. ಮಳೆಗಾಲ, ಆವಕ ಕಡಿಮೆ ಇದ್ದ ದಿನ ನೋಡಿ ಎರಡೆರಡು ತಾಸು ಜಾಗ ಬದ್ಲಿ. ಬಿಲ್ಲಿಂಗ್ ತಂಗಿ ಅಂಗಳಕ್ಕೆ, ಚೀಟಿ ಬರ್ಯೋ ಅಣ್ಣ ಕಂಪ್ಯೂಟರ್ ಪಕ್ಕ. ಅವಳಿಗೆ ಬರ್ಯೋಕೆ ಮೇಜೇ ಇಲ್ಲ, ಚೀಲದ ಮೇಲೆ ಚೀಟಿ ಇಟ್ರೆ ಪೆನ್ನು ತೂತು ಮಾಡತ್ತೆ, ಅಂಗೈ ಮೇಲೆ ಇಟ್ರೆ ಬೆವರು, ಅಷ್ಟರಲ್ಲಿ ಮುಂದಿನ ಚೀಲ ತೂಕಕ್ಕೆ ಬಂತು. ಒಂದು ತಾಸಾದ್ಮೇಲೆ ನೋಡಿದ್ರೆ ಅವಳೂ "ಬೆ" ಅಂತ್ಲೇ ಬರೀತಿದ್ಲು! ಈ ಕಡೆ ಅಣ್ಣ ಸ್ಕ್ರೀನ್ ನೋಡ್ತಾ, ಕಿಟಕಿ ಆಚೆಯಿಂದ ರೈತ್ರೊಬ್ರು "ಇನ್ನೂ ಎಷ್ಟೊತ್ತಾಗ್ತು ತಮಾ" ಅಂತ ಮೂರು ಸಲ ಕೇಳಿದ್ದಕ್ಕೆ ಬೆವರಿಳಿಸ್ತಾ ಕೂತಿದ್ರು. ಸಂಜೆ ಚಾಕ್ಕೆ ಎಲ್ರೂ ಸೇರಿದಾಗ ನಾನು ಭಾಷಣ ಮಾಡ್ಲಿಲ್ಲ, ಅವ್ರವ್ರೇ ಶುರು ಮಾಡಿದ್ರು. ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕೋಕಾ ಅಂತ ಅಡಿಕೆ ಬಗೆಗಳ ಹೆಸ್ರು ಮೊದ್ಲೇ ಪ್ರಿಂಟ್ ಆಗಿರೋ ಚೀಟಿ, ಬರೀ ಗುರುತು ಹಾಕಿದ್ರೆ ಸಾಕು. ಜೊತೆಗೆ ಬರ್ಯೋಕೆ ಒಂದು ರಟ್ಟಿನ ಪ್ಯಾಡು. ಚೀಟಿ ಹ್ಯಾಗಿರ್ಬೇಕು ಅಂತ ಗೆರೆ ಹಾಕಿ ತೋರ್ಸಿದ್ದು ಅಂಗಳದ ಅಣ್ಣ, ಟೈಪ್ ಮಾಡಿದ್ದು ತಂಗಿ.

ಖರ್ಚಿನ ಮಾತು ಹೇಳ್ಬೇಕಂದ್ರೆ, ಹಿಡಿಕಡ್ಡಿ ಮನೇದು, ಚಾ ಜೊತೆ ಬಿಸಿ ಭಜೆ ಆಫೀಸಿಂದು. ಹೋಮ್‌ಸ್ಟೇ ಬಿಲ್ ನೆನಪಾದ್ರೆ ಈಗ್ಲೂ ಹೊಟ್ಟೆ ಉರಿಯತ್ತೆ.

ತೂಕದ ಅಣ್ಣ ಮಾತ್ರ ಜಾಗ ಬದ್ಲಿಗೂ ಒಪ್ಲಿಲ್ಲ, ಕಾಂಟಾ (ತೂಕದ ಯಂತ್ರ) ಬಿಟ್ಟು ಏಳೋದೇ ಇಲ್ಲ. ಅವ್ರನ್ನ ನಾನೂ ಒತ್ತಾಯ ಮಾಡ್ಲಿಲ್ಲ. ಕಬ್ಬು ಅರ್ಯೋ ಆಲೆಮನೆ ಟೈಮಲ್ಲಿ ಒಂದಿನ ತೊಡದೇವು (ಕಬ್ಬಿನ ಹಾಲಿನ ತೆಳು ಸಿಹಿ ತಿಂಡಿ) ಮಾಡೋಣ ಅಂತಿದ್ದೇವೆ, ಗಡಿಗೆ ಮೇಲೆ ಹಿಟ್ಟು ಬಳ್ಯೋಕೆ ಕೈ ಪಳಗಿರ್ಬೇಕು, ಅದು ಅವ್ರಿಗೆ ಚೆನ್ನಾಗಿ ಬರತ್ತಂತೆ, ಅದಕ್ಕಾದ್ರೆ ಬರ್ತೇನೆ ಅಂದಿದ್ದಾರೆ.